ಕಾಜಾ ಹಾಕಿದ ಕೈ

ಮಾಸ್ಟರಿಗೆ ಕೆಲಸ ಹೋದ ಮೇಲೆ ಆ ಮನೆಯಲ್ಲಿ ಮೊದಲು ಬದಲಾದದ್ದು ಊಟದ ಹೊತ್ತು. ಅಲ್ಲಿಯವರೆಗೆ ಸಂಜೆಯ ಊಟಕ್ಕೆ ಎಲ್ಲರೂ ಅವರಿಗಾಗಿ ಕಾಯುತ್ತಿದ್ದರು. ಈಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳಿಗಾಗಿ ಕಾಯತೊಡಗಿದರು. ಹೀಗೆ ಮಾಡೋಣ ಎಂದು ಯಾರೂ ಮಾತಾಡಿಕೊಂಡದ್ದಲ್ಲ. ಒಂದು ದಿನ ಮಾಸ್ಟರು ಹಸಿವಾಯಿತೆಂದು ತಟ್ಟೆಯ ಮುಂದೆ ಕೂತಾಗ ಹೆಂಡತಿ, "ಅವಳೂ ಬಂದುಬಿಡಲಿ ರೀ, ದಣಿದು ಬರ್ತಾಳೆ" ಎಂದಳು, ಅಷ್ಟೆ. ಮಾಸ್ಟರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಆವತ್ತಿನಿಂದ ತಾವಾಗಿ ತಟ್ಟೆ ಹಾಕಿಕೊಳ್ಳುವುದನ್ನು ಬಿಟ್ಟರು.

ಮಾಸ್ಟರು ಎಂದರೆ ಪಾಠ ಹೇಳುವ ಮಾಸ್ಟರಲ್ಲ, ಕಟಿಂಗ್ ಮಾಸ್ಟರು. ದೊಡ್ಡದೊಂದು ಗಾರ್ಮೆಂಟ್ ಫ್ಯಾಕ್ಟರಿಗೆ ಮೀಸೆ ಚಿಗುರುವ ವಯಸ್ಸಿನಲ್ಲಿ ಸೇರಿ, ತಲೆ ನರೆಯುವವರೆಗೂ ಬಟ್ಟೆ ಕತ್ತರಿಸಿದವರು. ಅಲ್ಲಿ ಕತ್ತರಿಯವರ ಗತ್ತೇ ಬೇರೆ. ಹೊಲಿಯುವವರು ಸಾಲಾಗಿ ತಲೆ ತಗ್ಗಿಸಿ ಕೂತಿರುತ್ತಿದ್ದರು, ಕತ್ತರಿಸುವವರು ಎದೆಯುಬ್ಬಿಸಿ ನಿಂತಿರುತ್ತಿದ್ದರು. ಕತ್ತರಿ ಹಿಡಿದವನು ಸೂಜಿ ಮುಟ್ಟಿದರೆ ಒಂದು ಮೆಟ್ಟಿಲು ಕೆಳಗಿಳಿದ ಹಾಗೆ. ಹಾಗಾಗಿ ಮಾಸ್ಟರು ಎಷ್ಟೋ ವರ್ಷದಿಂದ ಸೂಜಿ ಮುಟ್ಟಿರಲಿಲ್ಲ. ತಮ್ಮ ಅಂಗಿಯ ಗುಂಡಿ ಕಿತ್ತು ಬಂದರೂ ಹೆಂಡತಿಯ ಮಡಿಲಿಗೆ ಎಸೆಯುತ್ತಿದ್ದರು. ಆಮೇಲೆ ಫ್ಯಾಕ್ಟರಿಗೆ ಬಟ್ಟೆಯನ್ನು ತಾನೇ ಅಳೆದು ಕತ್ತರಿಸುವ ಮೆಷಿನ್ ಬಂತು. ಅದಕ್ಕೆ ಗತ್ತೂ ಇರಲಿಲ್ಲ, ಟೀ ಕುಡಿಯಲು ಬಿಡುವೂ ಬೇಕಿರಲಿಲ್ಲ. ಕತ್ತರಿಯವರನ್ನೆಲ್ಲ ಕೈ ಕುಲುಕಿ ಮನೆಗೆ ಕಳಿಸಿದರು.

ಮಾಸ್ಟರು ಮೊದಮೊದಲು ಇಸ್ತ್ರಿ ಮುರಿಯದ ಅಂಗಿ ಹಾಕಿಕೊಂಡು ಕೆಲಸ ಕೇಳಲು ಹೊರಡುತ್ತಿದ್ದರು. ಹೋದಲ್ಲೆಲ್ಲ ಕೂರಿಸಿ, ನೀರು ಕೊಟ್ಟು, ವಯಸ್ಸು ಕೇಳಿ, ಹೇಳಿ ಕಳಿಸ್ತೀವಿ ಎನ್ನುತ್ತಿದ್ದರು. ಒಂದು ಕಡೆಯಂತೂ ಎದುರು ಕೂತ ಹುಡುಗ ಅವರನ್ನು ಅಂಕಲ್ ಎಂದು ಕರೆದು, ಮಗನಿಗೋ ಮಗಳಿಗೋ ಕೆಲಸ ಕೇಳಲು ಬಂದಿದ್ದೀರಾ ಎಂದು ವಿಚಾರಿಸಿದ. ಮಗಳು ತಾನೇ ಬಣ್ಣ ತಂದು ಅವರ ತಲೆಗೆ ಹಚ್ಚಿದಳು. ಬಣ್ಣ ಕೂದಲಿಗಿಂತ ಕಿವಿಗೆ ಚೆನ್ನಾಗಿ ಹಿಡಿಯಿತು. ಮಾರನೆಯ ದಿನ ಕೆಲಸ ಕೊಡಬೇಕಾದವರು ಅವರ ಮಾತು ಕೇಳುವುದು ಬಿಟ್ಟು ಕಿವಿಯನ್ನೇ ನೋಡುತ್ತಿದ್ದರಂತೆ. ಮನೆಗೆ ಬಂದು ಹೇಳಿದಾಗ ಅವರ ತಾಯಿ, ಆ ಮನೆಯ ಅಜ್ಜಿ, ಬೊಚ್ಚುಬಾಯಿ ತೆರೆದು ನಕ್ಕಳು. ಮಾಸ್ಟರು ನಗಲಿಲ್ಲ. ಬಚ್ಚಲಿಗೆ ಹೋಗಿ ಕಿವಿ ಕೆಂಪಗಾಗುವವರೆಗೂ ತಿಕ್ಕಿಕೊಂಡರು.

ಕೆಲಸವಿಲ್ಲದ ಗಂಡಸು ಮನೆಯಲ್ಲಿ ಎಲ್ಲಿ ಕೂರಬೇಕು ಎಂಬುದೇ ಒಂದು ಸಮಸ್ಯೆ. ಎರಡು ಕೋಣೆಯ ಮನೆ. ಒಂದರಲ್ಲಿ ಅಜ್ಜಿಯ ಮಂಚ. ಇನ್ನೊಂದರ ಕಿಟಕಿಯ ಕೆಳಗೆ ಹೆಂಡತಿಯ ಕುರ್ಚಿ. ಬೀದಿ ಕೊನೆಯ ಟೇಲರು ಕಳಿಸುವ ಅಂಗಿಗಳಿಗೆ ಗುಂಡಿ ತೂರುವ ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಅಂಚು ಮಡಿಚುವುದು ಅವಳ ಕೆಲಸ. ಅದನ್ನು ಯಾರೂ ಕೆಲಸ ಎನ್ನುತ್ತಿರಲಿಲ್ಲ, ಅಮ್ಮನ ಪುಡಿಗೆಲಸ ಎನ್ನುತ್ತಿದ್ದರು. ತರಕಾರಿ, ಸೋಪು ಅದರಲ್ಲೇ ಬರುತ್ತಿದ್ದವು, ಆದರೂ. ಮಾಸ್ಟರು ಮನೆಯಲ್ಲಿ ಉಳಿದ ಮೇಲೆ ಪೇಪರು ಓದಲು ಆ ಕುರ್ಚಿಗೆ ಬಂದು ಕೂತರು. ಹೆಂಡತಿ ಬಟ್ಟೆಯ ಗಂಟು ಎತ್ತಿಕೊಂಡು ಅಡುಗೆಮನೆಯ ಬಲ್ಬಿನ ಕೆಳಗೆ ಹೋದಳು. ಬೆಳಕು ಸಾಲುತ್ತಾ ಎಂದು ಅವರು ಕೇಳಲಿಲ್ಲ. ಸಾಲುತ್ತಿಲ್ಲ ಎಂದು ಅವಳೂ ಹೇಳಲಿಲ್ಲ.

ಹೀಗಿರುವಾಗ ಮಗಳು ಒಂದು ಸುದ್ದಿ ತಂದಳು. ಅಂಗಡಿಗೆ ಔಷಧಿ ಕೊಳ್ಳಲು ಬರುವ ಹೆಂಗಸೊಬ್ಬಳಿಗೆ ಕೋಟು ಹೊಲಿಯುವ ಸಣ್ಣ ಕಾರ್ಖಾನೆ ಇದೆ, ಪೂರ್ತಿ ಕೋಟು ಬಲ್ಲವರು ಬೇಕಂತೆ ಎಂದು. ಮಾಸ್ಟರು ಮಾರನೆಯ ದಿನವೇ ಹೋದರು. ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ಉದ್ದನೆಯ ಕೋಣೆ, ಆವಿಯ ಇಸ್ತ್ರಿಯ ವಾಸನೆ. ಯಜಮಾನಿ ಕೊರಳಿಗೆ ಟೇಪು ಹಾಕಿಕೊಂಡು ಓಡಾಡುತ್ತಿದ್ದಳು. ವಯಸ್ಸು ಕೇಳಲಿಲ್ಲ. ಬಟ್ಟೆ ಹಾಸಿ, ಇಲ್ಲೇ ಕತ್ತರಿಸಿ ತೋರಿಸಿ ಎಂದಳು. ಮಾಸ್ಟರ ಕತ್ತರಿ ನೀರಿನಲ್ಲಿ ಹೋದ ಹಾಗೆ ಹೋಯಿತು. ಉಳಿದದ್ದನ್ನು ಮನೆಯಲ್ಲಿ ಮುಗಿಸಿ ತನ್ನಿ ಎಂದಳು. ಹೊಸಬರನ್ನು ಪರೀಕ್ಷಿಸುವುದು ಅವಳಲ್ಲಿ ಹಾಗೇ. ತನ್ನೆದುರು ಹೆದರಿಕೊಂಡು ಹಾಕಿದ ಹೊಲಿಗೆ ನೋಡಿ ಯಾರನ್ನೂ ತಳ್ಳುವುದಿಲ್ಲ ಎಂದು ಅವಳ ಮಾತು.

ಮನೆಯಲ್ಲಿ ಕೋಟು ಎದ್ದು ನಿಂತ ಬಗೆಯನ್ನು ನೋಡಬೇಕಿತ್ತು. ಮೆಷಿನ್ನಿನ ಹೊಲಿಗೆಯನ್ನು ಮನೆಯ ಹಳೆಯ ಮೆಷಿನ್ನಿನಲ್ಲಿ ಮಾಸ್ಟರೇ ಹಾಕಿದರು, ಫ್ಯಾಕ್ಟರಿ ಸೇರುವ ಮೊದಲು ಕಲಿತದ್ದು ಮರೆತಿರಲಿಲ್ಲ. ಕಾಲರೂ ತೋಳೂ ಅವರವೇ. ಆದರೆ ಒಳಗಿನ ಅಸ್ತರನ್ನು ಕೈಯಲ್ಲಿ ಕೂರಿಸಬೇಕು, ಅಂಚು ಹೊರಗೆ ಕಾಣದ ಹಾಗೆ ಮಡಿಚಬೇಕು, ರೇಷ್ಮೆ ದಾರದಲ್ಲಿ ಕಾಜಾ ಹಾಕಬೇಕು. ಮಾಸ್ಟರು ಸೂಜಿಗೆ ದಾರ ಪೋಣಿಸಲು ಹೋಗಿ ದಾರವನ್ನು ಬಾಯಲ್ಲಿಟ್ಟು ಇಟ್ಟು ಒದ್ದೆ ಮಾಡಿ ನಾರು ಮಾಡಿದರು. ಹೆಂಡತಿ ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು, "ಕೊಡಿ ಇಲ್ಲಿ" ಎಂದು ತೆಗೆದುಕೊಂಡಳು. ಮುಂದಿನದೆಲ್ಲ ಅವಳೇ ಮಾಡಿದಳು. ಆ ಎರಡು ದಿನ ಕಿಟಕಿಯ ಕುರ್ಚಿ ಅವಳಿಗೆ ವಾಪಸು ಸಿಕ್ಕಿತು. ಇದರಲ್ಲಿ ಮೋಸ ಇದೆ ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ. ಗಂಡನ ಬುತ್ತಿ ಕಟ್ಟುವುದು, ಗಂಡನ ಅಂಗಿಗೆ ಇಸ್ತ್ರಿ ಹಾಕುವುದು, ಗಂಡನ ಕೋಟಿಗೆ ಕಾಜಾ ಹಾಕುವುದು ಎಲ್ಲ ಒಂದೇ ಸಾಲಿನ ಸಂಗತಿಗಳು. ಮುಗಿದ ಕೋಟನ್ನು ಅಜ್ಜಿ ಸವರಿ ನೋಡಿ, "ನನ್ನ ಮಗನ ಕೈ ಅಂದ್ರೆ ಕೈ" ಎಂದಳು. ಹೆಂಡತಿಯೂ ತಲೆಯಾಡಿಸಿದಳು.

ಯಜಮಾನಿ ಕೋಟನ್ನು ಒಳಗು ಹೊರಗು ಮಾಡಿ ನೋಡಿದಳು. ಕಿಟಕಿಯ ಹತ್ತಿರ ಒಯ್ದು ಮತ್ತೆ ನೋಡಿದಳು. ನಾಳೆಯಿಂದ ಬನ್ನಿ ಎಂದಳು.

ಆ ಸಂಜೆ ಮಗಳು ಐಸ್‌ಕ್ರೀಮ್ ತಂದಳು. ಊಟಕ್ಕೆ ಮಾಸ್ಟರನ್ನು ಮೊದಲು ಕೂರಿಸಿದರು. ಬೆಳಿಗ್ಗೆ ಹೆಂಡತಿ ಬುತ್ತಿ ಕಟ್ಟಿ ಕೈಗೆ ಕೊಟ್ಟು, ಅವರು ಮೆಟ್ಟಿಲಿಳಿದು ಮರೆಯಾಗುವವರೆಗೂ ಬಾಗಿಲಲ್ಲಿ ನಿಂತಿದ್ದಳು. ಪಕ್ಕದ ಮನೆಯವಳು ಕೇಳಲಿ ಎಂದೇ ಅಜ್ಜಿ, ಮಗ ಕೆಲಸಕ್ಕೆ ಹೋದ ಎಂದು ಎರಡು ಸಲ ಗಟ್ಟಿಯಾಗಿ ಹೇಳಿದಳು.

ಕಾರ್ಖಾನೆಯಲ್ಲಿ ಮಾಸ್ಟರು ಕತ್ತರಿಯ ಮೇಜಿನ ಕಡೆಗೆ ನಡೆದರು. ಯಜಮಾನಿ ತಡೆದು, ಅತ್ತ ಅಲ್ಲ ಇತ್ತ ಎಂದು, ಹುಡುಗಿಯರು ಸೂಜಿ ಹಿಡಿದು ಕೂತಿದ್ದ ಸಾಲಿನಲ್ಲಿ ಒಂದು ಸ್ಟೂಲು ತೋರಿಸಿದಳು. ಕತ್ತರಿಸಲು ಜನ ಇದ್ದಾರೆ, ಕೈಹೊಲಿಗೆಗೇ ಇಲ್ಲದಿರುವುದು ಎಂದು ವಿವರಿಸಿದಳು. ಮಾಸ್ಟರು ಕೂತರು. ಪಕ್ಕದ ಹುಡುಗಿ ಕೇಳದೆಯೇ ಅವರ ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಮೊದಲ ಕಾಜಾ ಮುಗಿಯುವಷ್ಟರಲ್ಲಿ ಅವರ ಕತ್ತು ಬೆವರಿತ್ತು. ಕಾಜಾ ನೋಡಿದರೆ ಇಲಿ ಕಡಿದ ಹಾಗಿತ್ತು. ಯಜಮಾನಿ ಅದನ್ನು ಬೆರಳಿನಿಂದ ಮುಟ್ಟಿ, ಅವರನ್ನು ಪಕ್ಕಕ್ಕೆ ಕರೆದಳು.

"ಆ ಕೋಟಿಗೆ ಹಾಕಿದ್ದು ಯಾರು?"

"ಮನೆಯವಳು" ಎಂದರು ಮಾಸ್ಟರು.

ಯಜಮಾನಿ ಬೈಯುತ್ತಾಳೆ ಎಂದುಕೊಂಡಿದ್ದರು. ಅವಳು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಹಾಗಾದ್ರೆ ಅವರನ್ನೇ ಕಳಿಸಿ ಸಾರ್. ವಯಸ್ಸು ಎಷ್ಟಾದ್ರೂ ಪರವಾಗಿಲ್ಲ, ಅಂಥ ಕೈ ನನಗೆ ಬೇಕು." ಇಷ್ಟು ತಿಂಗಳು ಯಾರದಾದರೂ ಬಾಯಿಂದ ಯಾವ ಮಾತು ಕೇಳಬೇಕೆಂದು ಅಲೆದಿದ್ದರೋ ಆ ಮಾತನ್ನು ಮಾಸ್ಟರು ಕೊನೆಗೂ ಕೇಳಿದರು. ಅದು ಅವರಿಗಾಗಿ ಇರಲಿಲ್ಲ. ಹುಡುಗಿಯರು ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಕೇಳಿಸಿಕೊಂಡಿಲ್ಲ ಎಂದು ತೋರಿಸಿಕೊಳ್ಳಲು ಸ್ವಲ್ಪ ಹೆಚ್ಚೇ ತಗ್ಗಿಸಿದ್ದರು. ಮಾಸ್ಟರು ಬುತ್ತಿ ಎತ್ತಿಕೊಂಡು ಮೆಟ್ಟಿಲಿಳಿದರು.

ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ದಾರಿಯುದ್ದಕ್ಕೂ ಹಾಗೇ ಎಂದುಕೊಂಡು ಬಂದರು. ಬಾಗಿಲು ತೆರೆದ ಹೆಂಡತಿ ಅವರ ಮುಖ ನೋಡಿ, ಏನಾಯಿತು ಎಂದಳು. ಕೋಟು ಅವರಿಗೆ ಹಿಡಿಸಲಿಲ್ಲ ಎಂದರು ಮಾಸ್ಟರು. ನಿನ್ನೆ ಹಿಡಿಸಿತ್ತಲ್ಲ ಎಂದಳು. ಇವತ್ತು ಸರಿಯಾಗಿ ನೋಡಿದರಂತೆ ಎಂದರು.

"ಏನು ಸರಿ ಇಲ್ಲವಂತೆ?"

ಕಾಲರು ಎನ್ನಬಹುದಿತ್ತು. ತೋಳು ಎನ್ನಬಹುದಿತ್ತು. ಎರಡೂ ಅವರ ಕೈಯವೇ. ಆದರೆ ಮಾಸ್ಟರ ಬಾಯಿಂದ ಬಂದದ್ದು, "ಕಾಜಾ."

ಹೆಂಡತಿ ಬಾಗಿಲ ಚಿಲಕ ಹಿಡಿದುಕೊಂಡೇ ನಿಂತಳು. ಆಮೇಲೆ, ಬೆಳಕಿನಲ್ಲೇ ಹಾಕಿದ್ದೆನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅವಳ ಮುಖ ಸಣ್ಣದಾದದ್ದು ಮಾಸ್ಟರಿಗೆ ಕಂಡಿತು. ಮನುಷ್ಯನ ಮನಸ್ಸು ಎಂಥದ್ದು ನೋಡಿ: ಸುಳ್ಳನ್ನು ವಾಪಸು ತೆಗೆದುಕೊಳ್ಳುವ ಬದಲು ಅವರು ಅವಳ ಬೆನ್ನು ಸವರಿದರು. "ಹೋಗಲಿ ಬಿಡು. ನಿನಗೂ ವಯಸ್ಸಾಯ್ತು, ಕಣ್ಣು ಮೊದಲಿನ ಹಾಗಿರಲ್ಲ. ನಾನೇನು ನಿನ್ನ ಮೇಲೆ ಸಿಟ್ಟಾಗಿಲ್ಲ" ಎಂದರು. ಅವಳು ಕಣ್ಣೊರೆಸಿಕೊಂಡು ಟೀ ಮಾಡಿಕೊಟ್ಟಳು.

ಮುಂದಿನ ವಾರಗಳನ್ನು ಮಾಸ್ಟರು ಹೇಗೆ ಕಳೆದರೋ. ಅವರೆದುರೇ ಎಲ್ಲ ನಡೆಯುತ್ತಿತ್ತು. ಹೆಂಡತಿ ಹಳೆಯ ಹಾಸಿಗೆ ಬಟ್ಟೆಯೊಂದನ್ನು ತುಂಡು ಮಾಡಿಕೊಂಡು ಅದರ ಮೇಲೆ ಸಾಲುಸಾಲಾಗಿ ಕಾಜಾ ಹಾಕುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಹಾಕುತ್ತಿದ್ದಳು. ಎಲ್ಲಿ ಕೆಡುತ್ತಿದೆ ಎಂದು ಹುಡುಕುತ್ತಿದ್ದಳು. ಕೆಟ್ಟಿದ್ದರಲ್ಲವೇ ಸಿಗುವುದು? ಮಗಳು ತನ್ನ ಅಂಗಡಿಯ ಪರಿಚಯದಲ್ಲಿ ಅವಳಿಗೆ ಕನ್ನಡಕ ಬದಲಾಯಿಸಿಕೊಟ್ಟಳು. ಹೊಸ ಕನ್ನಡಕ ಹಾಕಿಕೊಂಡು ನೋಡಿದ ಮೇಲೆ ಅವಳಿಗೆ ಇನ್ನೂ ಗಾಬರಿಯಾಯಿತು. ಈಗಲೂ ತಪ್ಪು ಕಾಣುತ್ತಿಲ್ಲ ಎಂದರೆ ತನ್ನ ಕಣ್ಣು ಪೂರಾ ಹೋಗಿರಬೇಕು ಎಂದಳು.

ಒಂದು ಬೆಳಿಗ್ಗೆ ಬೀದಿ ಕೊನೆಯ ಟೇಲರು ಕಳಿಸಿದ ಗಂಟನ್ನು ಬಿಚ್ಚದೆಯೇ ವಾಪಸು ಕೊಟ್ಟು ಬಂದಳು. ಜನರ ಬಟ್ಟೆ ಹಾಳು ಮಾಡುವುದಕ್ಕಿಂತ ಬಿಡುವುದು ವಾಸಿ ಎಂದಳು. ಟೇಲರು ನಕ್ಕು, ನಿಮ್ಮ ಕಾಜಾ ನೋಡಿಯೇ ಗಿರಾಕಿ ಬರ್ತಾರಲ್ಲಮ್ಮ ಎಂದನಂತೆ. ಸಮಾಧಾನಕ್ಕೆ ಹೇಳುತ್ತಾನೆ ಎಂದುಕೊಂಡು ಅವಳು ಅವನ ಮಾತು ನಂಬಲಿಲ್ಲ. ಗಂಡ ಹೇಳಿದ್ದನ್ನು ನಂಬಿದಳು.

ಪುಡಿಗೆಲಸ ನಿಂತ ವಾರದಲ್ಲೇ ಮನೆಯಲ್ಲಿ ತರಕಾರಿ ಕಡಿಮೆಯಾಯಿತು. ಬರೀ ಬೇಳೆ, ಬರೀ ಅನ್ನ. ಅಜ್ಜಿಗೆ ಬಾಯಿ ಕೆಟ್ಟಿತು. ಒಂದು ಸಂಜೆ ಊಟದ ಹೊತ್ತಿನಲ್ಲಿ ತಟ್ಟೆ ನೋಡಿ, "ದಿನಾ ಇದೇನಾ?" ಎಂದು ಶುರು ಮಾಡಿದವಳು, ಸೊಸೆ ಸುಮ್ಮನಿದ್ದುದನ್ನು ಕಂಡು ಮುಂದುವರಿಸಿದಳು. "ನನ್ನ ಮಗ ಕಷ್ಟಪಟ್ಟು ಕೆಲಸ ಹುಡುಕಿದ. ನೀನು ಕೈ ಹಾಕಿ ಕೆಡಿಸಿದೆ."

ಮಗಳು ತುತ್ತು ಕೆಳಗಿಟ್ಟಳು. "ಅಜ್ಜಿ, ನಿಮ್ಮ ಮಗನಿಗೆ ಬರದೇ ಇದ್ದದ್ದನ್ನ ಅಮ್ಮ ಮಾಡಿಕೊಟ್ಟಿದ್ದು. ಅದೂ ತಪ್ಪಾ?"

"ಬರಲ್ಲ ಅಂದ್ರೆ ಸುಮ್ಮನಿರಬೇಕು. ಬರುತ್ತೆ ಅಂತ ಯಾಕೆ ಮುಂದೆ ಬರಬೇಕು?"

"ಅಪ್ಪ, ನೀವಾದ್ರೂ ಮಾತಾಡಿ."

ಮೂರು ಹೆಂಗಸರೂ ಮಾಸ್ಟರ ಕಡೆ ನೋಡಿದರು. ಅವರ ಬಾಯಲ್ಲಿ ಅನ್ನ ಇತ್ತು. ಅದನ್ನು ಅಗಿದರು, ಅಗಿದರು, ನುಂಗಲಿಕ್ಕೇ ಆಗದ ಹಾಗೆ ಅಗಿದರು. ಕೊನೆಗೆ, "ಊಟದ ಹೊತ್ತಲ್ಲಿ ಜಗಳ ಬೇಡ" ಎಂದರು. ಹೇಳಿದ ಮೇಲೆ ತಮ್ಮ ಮೇಲೆ ತಮಗೇ ಅಸಹ್ಯವಾಗಿ, ತಟ್ಟೆ ಬಿಟ್ಟು ಕೈ ತೊಳೆಯಲು ಎದ್ದರು. ನಾಚಿಕೆ ಎಂದರೆ ಏನು ಎಂದು ಅದುವರೆಗೆ ಅವರಿಗೆ ತಿಳಿದಿರಲಿಲ್ಲ. ಕೆಲಸ ಹೋದದ್ದು, ಕಿವಿಗೆ ಬಣ್ಣ ಹತ್ತಿದ್ದು, ಮಗಳ ಹತ್ತಿರ ಬಸ್ಸಿಗೆ ಕಾಸು ಕೇಳಿದ್ದು, ಅವೆಲ್ಲ ಬರೀ ಸಂಕೋಚ. ಇದು ಬೇರೆ.

ಇಷ್ಟಾದರೂ ಹೇಳಲಿಲ್ಲ. ಒಂದೊಂದು ದಿನ ತಡವಾದಂತೆ ಹೇಳುವುದು ಇನ್ನಷ್ಟು ಕಷ್ಟವಾಗುತ್ತಿತ್ತು. ಬೆಳಿಗ್ಗೆ ಎದ್ದಾಗ ಹೇಳಿಬಿಡಬೇಕು ಎನ್ನಿಸುತ್ತಿತ್ತು, ಮುಖ ತೊಳೆಯುವಷ್ಟರಲ್ಲಿ ಸಂಜೆ ಹೇಳಿದರಾಯಿತು ಎನ್ನಿಸುತ್ತಿತ್ತು.

ಆಮೇಲೆ ಹೆಂಡತಿಯೇ ಒಂದು ತೀರ್ಮಾನಕ್ಕೆ ಬಂದಳು. ಮಗಳು ಕೆಲಸಕ್ಕೆ ಹೊರಡುವಾಗ, ಅಜ್ಜಿ ಟೀ ಕುಡಿಯುತ್ತಿದ್ದಾಗ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನಾನೇ ಆ ಯಜಮಾನಿ ಹತ್ರ ಹೋಗಿ ಬರ್ತೀನಿ. ಕಾಜಾ ನಾನು ಹಾಕಿದ್ದು, ಇವರದ್ದಲ್ಲ, ನನ್ನ ತಪ್ಪಿಗೆ ಇವರನ್ನ ಬಿಡಬೇಡಿ ಅಂತ ಕೇಳ್ಕೋತೀನಿ."

ಮಗಳು, ಅದು ಸರಿಯಾದ ಮಾತು, ಮೊದಲೇ ಮಾಡಬೇಕಿತ್ತು ಎಂದಳು. ಅಜ್ಜಿಯೂ ಒಪ್ಪಿದಳು. ಮಾಸ್ಟರು ಮಾತ್ರ ಬೇಡ ಎಂದರು. ಮಾನ ಹೋಗುತ್ತೆ ಎಂದರು. ಯಾರ ಮಾನ ಎಂದು ಹೇಳಲಿಲ್ಲ. ಹೋಗಲಿ ಬಿಡಿ, ನನ್ನದೇ ತಾನೆ ಎಂದು ಹೆಂಡತಿ ಒಳ್ಳೆಯ ಸೀರೆ ತೆಗೆದಳು. ಬೇರೆ ದಾರಿ ಕಾಣದೆ ಮಾಸ್ಟರೂ ಚಪ್ಪಲಿ ಮೆಟ್ಟಿದರು.

ಬಸ್ಸಿನಲ್ಲಿ ಹೇಳಬೇಕೆಂದುಕೊಂಡರು. ಪಕ್ಕಪಕ್ಕದಲ್ಲೇ ಸೀಟು ಸಿಕ್ಕಿತ್ತು, ಬೇರೆ ನೆಪವೂ ಇರಲಿಲ್ಲ. ಅವಳು ಯಜಮಾನಿಗೆ ಏನು ಹೇಳಬೇಕೆಂದು ಮೆಲ್ಲಗೆ ಅಭ್ಯಾಸ ಮಾಡುತ್ತಿದ್ದಳು. ಅಮ್ಮಾ ಎನ್ನಲೋ ಮೇಡಂ ಎನ್ನಲೋ ಎಂದು ಅವರನ್ನೇ ಕೇಳಿದಳು. ಮೇಡಂ ಅನ್ನು ಎಂದರು ಮಾಸ್ಟರು. ಅಷ್ಟೇ ಅವರಿಂದಾದದ್ದು.

ಮಹಡಿ ಹತ್ತಿ ಒಳಗೆ ಹೋದಾಗ ಯಜಮಾನಿ ಮಾಸ್ಟರನ್ನು ಗುರುತು ಹಿಡಿದು, ಅವರ ಹಿಂದೆ ನಿಂತವಳನ್ನು ಕಂಡು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಹೆಂಡತಿ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ. "ಮೇಡಂ, ಆ ಕೆಟ್ಟ ಕಾಜಾ ನನ್ನದು. ಇವರ ಕೈ ಅಂಥದ್ದಲ್ಲ. ನನ್ನಿಂದ ಇವರಿಗೆ ಅನ್ಯಾಯ ಆಗಬಾರದು" ಎಂದು, ಬಸ್ಸಿನಲ್ಲಿ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು.

ಯಜಮಾನಿ ಮಾಸ್ಟರ ಮುಖ ನೋಡಿದಳು. ಮಾಸ್ಟರು ನೆಲ ನೋಡಿದರು. ಬುದ್ಧಿವಂತೆ, ಅವಳಿಗೆ ಅರ್ಥವಾಗಿರಬೇಕು. ಆದರೂ ಮುಚ್ಚಿಹಾಕಲಿಲ್ಲ. ಹೊಲಿಯುವ ಹುಡುಗಿಯರ ಎದುರಿನ ಗೋಡೆಗೆ ತೂಗುಹಾಕಿದ್ದ ಕೋಟನ್ನು ತೋರಿಸಿದಳು.

"ಇದೇ ತಾನೆ? ಇದನ್ನ ನೋಡಿಕೊಂಡು ಹಾಕಿ ಅಂತ ಹುಡುಗಿಯರಿಗೆ ಇಟ್ಟಿದ್ದೀನಿ. ನಿಮ್ಮನ್ನೇ ಕಳಿಸಿ ಅಂತ ಆವತ್ತೇ ಇವರಿಗೆ ಹೇಳಿದ್ದೆ. ನಿಮಗೆ ಇಷ್ಟ ಇಲ್ಲವೇನೋ ಅಂದುಕೊಂಡೆ."

ಹೆಂಡತಿ ಕೋಟಿನ ಹತ್ತಿರ ಹೋಗಿ ಹೊಸ ಕನ್ನಡಕದಿಂದ ತನ್ನ ಹೊಲಿಗೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಗಂಡನ ಕಡೆಗೆ ತಿರುಗಲಿಲ್ಲ. ಯಜಮಾನಿ, ಜಾಗ ಇನ್ನೂ ಖಾಲಿ ಇದೆ ಎಂದಾಗ, ಯಾವಾಗಿಂದ ಬರಲಿ ಎಂದು ಕೇಳಿದಳು. ಮನೆಯಲ್ಲಿ ಕೇಳಿ ಹೇಳ್ತೀನಿ ಎನ್ನಲಿಲ್ಲ. ಅದು ಮಾಸ್ಟರ ಗಮನಕ್ಕೆ ಬಂತು.

ಕೆಳಗೆ ಬೀದಿಗೆ ಬಂದ ಮೇಲೆ ಅವಳು ಮುಂದೆ ಮುಂದೆ ನಡೆದಳು. ಮಾಸ್ಟರು ಒಂದು ಹೆಜ್ಜೆ ಹಿಂದೆ ನಡೆಯುತ್ತ, ತಪ್ಪಾಯಿತು ಎಂದರು. ಮುಖ ಎತ್ತಿ ಹೇಳಲಾಗಲಿಲ್ಲ ಎಂದರು. ಇಷ್ಟು ವರ್ಷ ಕತ್ತರಿ ಹಿಡಿದು ಕೊನೆಗೆ ಹೆಂಡತಿಯ ಕೈ ಮುಂದೆ ಸೋತೆ ಎಂದು ಯಾವ ಬಾಯಿಂದ ಹೇಳಲಿ ಎಂದರು. ಬಸ್ ನಿಲ್ದಾಣ ಬಂದಾಗ ಅವಳು ನಿಂತಳು.

"ಸುಳ್ಳು ಹೇಳಿದ್ದು ನನಗೆ ಅರ್ಥ ಆಗುತ್ತೆ. ನಾಚಿಕೆ ಆಯ್ತು, ಹೇಳಿದ್ರಿ. ಅದು ಹೋಗಲಿ. ಆದರೆ ಆಮೇಲೆ ನನ್ನ ಬೆನ್ನು ಸವರಿದ್ರಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ಅಂತ ಸಮಾಧಾನ ಮಾಡಿದ್ರಲ್ಲ. ಅದು ಯಾಕೆ ಮಾಡಿದ್ರಿ?"

ನಿನ್ನ ಮುಖ ನೋಡಲಾಗಲಿಲ್ಲ ಎಂದು ಮಾಸ್ಟರು ಹೇಳಬಹುದಿತ್ತು, ಅದು ನಿಜವೂ ಆಗಿತ್ತು, ಆದರೆ ಹೇಳಲು ಯೋಗ್ಯವಾಗಿರಲಿಲ್ಲ. ಬಸ್ಸು ಬಂತು. ಅವಳು ಮುಂದಿನ ಸೀಟಿನಲ್ಲಿ ಬೇರೆ ಹೆಂಗಸಿನ ಪಕ್ಕ ಕೂತಳು.

ಮನೆಯಲ್ಲಿ ಮಗಳು ಆಗಲೇ ಬಂದಿದ್ದಳು. ಸುದ್ದಿ ಕೇಳಲೆಂದೇ ಅಂಗಡಿಯಿಂದ ಬೇಗ ಹೊರಟಿದ್ದಳಂತೆ. ಅಜ್ಜಿ ಮಂಚದ ಮೇಲೆ ಎದ್ದು ಕೂತು, "ಏನಂದ್ರು? ಕೆಲಸ ಸಿಕ್ತಾ?" ಎಂದಳು.

"ಸಿಕ್ತು ಅತ್ತೆ."

"ದೇವರು ಕಣ್ಣು ಬಿಟ್ಟ. ನನ್ನ ಮಗ ಯಾವಾಗಿಂದ ಹೋಗಬೇಕಂತೆ?"

ಹೆಂಡತಿ ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಕಿಟಕಿಯ ಕುರ್ಚಿಯಲ್ಲಿ ಕೂತಳು. "ಇವರನ್ನೇ ಕೇಳಿ. ಇವರು ಹೇಳ್ತಾರೆ" ಎಂದಳು.

ಮಾಸ್ಟರು ಇನ್ನೂ ಹೊಸ್ತಿಲಲ್ಲೇ ಇದ್ದರು. ಪಕ್ಕದ ಮನೆಯ ಬಾಗಿಲು ತೆರೆದಿತ್ತು. ತಾಯಿ ಕಾಯುತ್ತಿದ್ದಳು, ಮಗಳು ಕಾಯುತ್ತಿದ್ದಳು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನನಗಲ್ಲ ಅಮ್ಮ. ಇವಳಿಗೆ. ಕಾಜಾ ಚೆನ್ನಾಗಿತ್ತು. ಆವತ್ತೂ ಚೆನ್ನಾಗಿತ್ತು. ಅವರು ಆವತ್ತೇ ಇವಳನ್ನ ಕರೆದಿದ್ರು. ನಾನು ಬಂದು ಸುಳ್ಳು ಹೇಳಿದೆ."

ಅವರ ದನಿ ಕೊನೆಕೊನೆಗೆ ಇಳಿದುಹೋಗಿತ್ತು. ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ಸೊಸೆಯ ಕಡೆ ನೋಡಲಾರದೆ ಹೊದಿಕೆಯ ಅಂಚನ್ನು ಎಳೆದುಕೊಂಡಳು. ಅವಳಿಗೆ ಎಲ್ಲವೂ ಕೇಳಿಸಿತ್ತು.

"ಅತ್ತೆಗೆ ಕೇಳಿಸಲಿಲ್ಲ" ಎಂದಳು ಹೆಂಡತಿ, ಕುರ್ಚಿಯಿಂದ ಏಳದೆ. "ಇನ್ನೊಂದು ಸಲ ಹೇಳಿ."

ಮಾಸ್ಟರು ಗಂಟಲು ಸರಿಮಾಡಿಕೊಂಡು, ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದರು.